ಮೂವತ್ತೈದು ಕ್ವಿಂಟಲ್ ಹೊರುವ ಡೆಕ್

ಮಿನೆಸೋಟಾದಲ್ಲಿ ಮನೆ ಕೊಂಡವರಿಗೆ ಒಂದಲ್ಲ ಒಂದು ವರ್ಷ ಡೆಕ್ಕಿನ, ಅಂದರೆ ಹಿಂಬಾಗಿಲಿಗೆ ಕೂಡಿಸಿ ಕಂಬದ ಮೇಲೆ ನಿಲ್ಲಿಸುವ ಮರದ ಜಗಲಿಯ, ಹುಚ್ಚು ಹತ್ತಿಯೇ ಹತ್ತುತ್ತದೆ. ಅದು ಹತ್ತುವುದು ಬೇಸಿಗೆಯಲ್ಲಲ್ಲ, ಕಡು ಚಳಿಗಾಲದಲ್ಲಿ. ಹಿಂಬಾಗಿಲ ಗಾಜಿನಾಚೆ ಹಿಮ ಬಿಟ್ಟು ಬೇರೇನೂ ಕಾಣದಿರುವಾಗ ಕೈಗೆ ಪೆನ್ಸಿಲ್ಲು ತಾನಾಗಿ ಬರುತ್ತದೆ. ನಮ್ಮ ಹಿಂಬಾಗಿಲೋ ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ ಬರೀ ಗಾಳಿಗೆ ತೆರೆದುಕೊಳ್ಳುತ್ತಿತ್ತು. ಮನೆ ಕಟ್ಟಿದವರು ಅದಕ್ಕೊಂದು ಅಡ್ಡಪಟ್ಟಿ ಹೊಡೆದು, ಮುಂದಿನದು ನಿಮ್ಮ ಪಾಡು ಎಂದು ಬಿಟ್ಟು ಹೋಗಿದ್ದರು.

ಕಾಗದದ ಮೇಲೆ ಡೆಕ್ ಕಟ್ಟುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಒಂದು ರಾತ್ರಿ ಅದಕ್ಕೆ ಎಂಟು ಮೂಲೆ, ಮರುದಿನ ಎರಡು ಅಂತಸ್ತು, ಅದರ ಮರುದಿನ ಉಯ್ಯಾಲೆ ತೂಗಲು ಚಪ್ಪರ. ಹೆಂಡತಿ ಒಂದೇ ಒಂದು ಪ್ರಶ್ನೆ ಕೇಳಿ ಇದನ್ನೆಲ್ಲ 12 ಅಡಿಗೆ 16 ಅಡಿಯ ಸಾದಾ ಚೌಕಕ್ಕೆ ಇಳಿಸಿದಳು: "ಇದರ ಮೇಲಿನ ಹಿಮ ಬಾಚುವವರು ಯಾರು?"

ಚೌಕದ ನಕ್ಷೆ ಹಿಡಿದು ಪರವಾನಗಿಗೆ ಹೋದಾಗ ನಿಯಮಗಳ ಪುಸ್ತಿಕೆ ಕೈಗೆ ಬಂತು. ಸರ್ಕಾರಿ ಬರವಣಿಗೆಯನ್ನು ಆಸೆಯಿಂದ ಓದುವ ಚಟ ನನಗಿಲ್ಲ. ಆದರೆ ಇದನ್ನು ಓದುತ್ತ ಹೋದಂತೆ ಒಂದೊಂದು ಅಂಕಿಯ ಹಿಂದೆಯೂ ಯಾರೋ ಒಬ್ಬರು ನಿಂತಿರುವುದು ಕಾಣತೊಡಗಿತು. ಕಟಾಂಜನದ ಸರಳುಗಳ ಸಂದಿಯಲ್ಲಿ 4 ಅಂಗುಲದ ಚೆಂಡು ತೂರಬಾರದು ಎಂದಿತ್ತು. ಅದು ಚೆಂಡಲ್ಲ, ಅಂಬೆಗಾಲಿಡುವ ಕೂಸಿನ ತಲೆ. ಕಟಾಂಜನದ ನೆತ್ತಿ 200 ಪೌಂಡಿನ ಒತ್ತಡ ತಡೆಯಬೇಕಂತೆ. ಹೊಟ್ಟೆ ತುಂಬ ಉಂಡ ಸೋದರಮಾವನೊಬ್ಬ ಜೋಕಿಗೆ ನಗುತ್ತ ಹಿಂದಕ್ಕೆ ವಾಲಿದ್ದಾನೆ. ಮೆಟ್ಟಿಲು ಏಳೂಮುಕ್ಕಾಲು ಅಂಗುಲಕ್ಕಿಂತ ಎತ್ತರವಾಗಬಾರದು, ಎಲ್ಲವೂ ಒಂದೇ ಸಮ ಇರಬೇಕು. ಕತ್ತಲಲ್ಲಿ ಕಾಲಿನಿಂದಲೇ ತಡವಿ ಇಳಿಯುವ ಅಜ್ಜಿ. ನಮ್ಮ ಮನೆಯಲ್ಲಿ ಇರುವುದು ಇಬ್ಬರೇ. ಕೂಸಿಲ್ಲ, ಸೋದರಮಾವ ಹಾಸನ ಬಿಟ್ಟು ಕದಲುವವನಲ್ಲ. ಆದರೂ ಕಾನೂನು ನಮಗೊಂದು ತುಂಬಿದ ಸಂಸಾರವನ್ನು ತಾನಾಗಿಯೇ ಮಂಜೂರು ಮಾಡಿತ್ತು.

ಎಲ್ಲಕ್ಕಿಂತ ಉದಾರವಾದ ಅಂಕಿ ಭಾರದ್ದು. ಒಂದು ಚದರಡಿಗೆ 40 ಪೌಂಡು ಹೊರಬೇಕು. ನಮ್ಮ ಲೆಕ್ಕಕ್ಕೆ ಒಟ್ಟು 7,680 ಪೌಂಡು. ಏಪ್ರಿಲ್‌ನಲ್ಲಿ ಸಾಗರದಿಂದ ಬಂದಿಳಿದ ಅಪ್ಪ ಇದನ್ನು ಕೇಳಿ, ಕಣ್ಣು ಮುಚ್ಚಿ, ಪೌಂಡನ್ನು ಕಿಲೋ ಮಾಡಿ, ಕಿಲೋವನ್ನು ತಮಗೆ ಅರ್ಥವಾಗುವ ಭಾಷೆಗೆ ತಂದರು: "ಹತ್ತಿರ ಹತ್ತಿರ ಮೂವತ್ತೈದು ಕ್ವಿಂಟಲ್ ಅಡಿಕೆ. ಇಲ್ಲಿ ಯಾರ ತೋಟದ್ದು ಹರಗುತ್ತೀಯ?"

ಅವರ ಕಣ್ಣಲ್ಲಿ ಇದು ಅಡಿಕೆ ಒಣಗಿಸುವ ಅಟ್ಟ. ಮಳೆ ಹಿಂದೆ ಸರಿದ ಮೇಲೆ ಅಂಗಳದಲ್ಲಿ ಕಂಬ ನೆಟ್ಟು, ಗಳ ಹಾಯಿಸಿ, ಮೇಲೆ ಅಡಿಕೆ ಮರದ ದಬ್ಬೆ ಹಾಸಿ ಬಿಗಿದರೆ ಮುಗಿಯಿತು. ಮುಂದಿನ ಮಳೆಗೆ ಮೊದಲು ಬಿಚ್ಚಿ ಒಟ್ಟುವುದು. ಅದಕ್ಕೆ ನಕ್ಷೆ ಯಾಕೆ, ಅಪ್ಪಣೆ ಯಾಕೆ? ಅಗೆಯುವ ಮುನ್ನ 811ಕ್ಕೆ ಫೋನ್ ಮಾಡಬೇಕು, ನೆಲದೊಳಗೆ ಏನೇನು ಹಾದುಹೋಗಿದೆ ಎಂದು ಅವರು ಬಂದು ಗುರುತು ಹಾಕುತ್ತಾರೆ ಎಂದಾಗ ಅಪ್ಪನಿಗೆ ತಮಾಷೆಯೆನಿಸಿತು. ಒಂದು ಬೆಳಗ್ಗೆ ಎದ್ದು ನೋಡಿದರೆ ಹಿತ್ತಿಲ ತುಂಬ ಪುಟ್ಟ ಬಾವುಟಗಳು: ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಕೇಬಲ್ಲಿಗೆ ಕಿತ್ತಳೆ. "ಇಷ್ಟೊಂದು ಪಕ್ಷಗಳಾ!" ಎಂದರು.

ಗುಂಡಿಯ ಆಳ ಕೇಳಿದ ಮೇಲೆ ತಮಾಷೆ ನಿಂತಿತು. 42 ಅಂಗುಲ. "ತೆಂಗಿನ ಗುಂಡಿಯೇ ಮೂರಡಿ ಮಾರಾಯ!" ರಾಜ್ಯದ ಉತ್ತರದ ಜಿಲ್ಲೆಗಳಲ್ಲಾದರೆ 60 ಅಂಗುಲ ಎಂದೆ. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟುತ್ತದೆ, ಕೆಳಗಿನ ತೇವವನ್ನೂ ಎಳೆದುಕೊಂಡು ಹಿಗ್ಗುತ್ತದೆ. ಪಾಯ ಮೇಲೆಮೇಲೆ ಇದ್ದರೆ ಕಂಬವನ್ನೇ ಎತ್ತಿಬಿಡುತ್ತದೆ, ಅದೂ ಒಂದೊಂದು ಕಂಬವನ್ನು ಒಂದೊಂದು ಅಳತೆಗೆ. ಮಳೆಗೆ ಧರೆ ಕುಸಿಯುವುದನ್ನು ಜೀವಮಾನವಿಡೀ ಕಂಡ ಮನುಷ್ಯನಿಗೆ ನೆಲ ಮೇಲಕ್ಕೇಳುತ್ತದೆಂದು ನಂಬಿಸುವುದು ಸುಲಭವಲ್ಲ. ಅವರು ನನ್ನನ್ನು ನಂಬಲಿಲ್ಲ. ಕಾಂಕ್ರೀಟು ಸುರಿಯುವ ಮುಂಚೆ ಗುಂಡಿ ನೋಡಲೆಂದೇ ಬಂದ ಇನ್‌ಸ್ಪೆಕ್ಟರು ಟೇಪು ಇಳಿಬಿಟ್ಟು ಆಳ ಅಳೆದಾಗ ನಂಬಿದರು. ಖಾಲಿ ಗುಂಡಿ ನೋಡಲು ಸರ್ಕಾರ ಆಳು ಕಳಿಸುತ್ತದೆಂದರೆ ಒಳಗೆ ಏನೋ ಇರಲೇಬೇಕು.

ಮೂಲೆ ಸರಿ ಬರಿಸುವಾಗ ಮಾತ್ರ ಯಾರೂ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಒಂದು ದಾರದ ಮೇಲೆ ಮೂರು ಅಡಿ, ಇನ್ನೊಂದರ ಮೇಲೆ ನಾಲ್ಕು, ಅಡ್ಡಕ್ಕೆ ಐದು ಬಂದರೆ ಮೂಲೆ ನೇರ. ರಸಮಟ್ಟ ಹಿಡಿದು ಅವರು, ಡ್ರಿಲ್ಲು ಹಿಡಿದು ನಾನು. ಜಂತೆಗಳನ್ನು 16 ಅಂಗುಲಕ್ಕೊಂದರಂತೆ, ಪ್ರತಿಯೊಂದರ ಡೊಂಕು ನೋಡಿ ಉಬ್ಬಿದ ಬೆನ್ನು ಮೇಲೆ ಬರುವಂತೆ ಕೂರಿಸಿದೆವು. ಭಾರ ಬಿದ್ದ ಹಾಗೆ ಅದು ಸಮಕ್ಕೆ ಇಳಿಯುತ್ತದೆ.

ಗೋಡೆಗೆ ಡೆಕ್ಕನ್ನು ಕೂಡಿಸುವ ದಪ್ಪ ಹಲಗೆಯ ಹತ್ತಿರ ನಾನು ನಿಧಾನಿಸಿದೆ. ಅದನ್ನು ಬರೀ ಮೊಳೆಯಲ್ಲಿ ಹೊಡೆಯುವಂತಿಲ್ಲ, ಮನೆಯ ಚೌಕಟ್ಟಿಗೇ ಕಚ್ಚುವ ಬೋಲ್ಟು ಬೇಕು. ಹಿಂದೆ ನೀರಿಳಿಯದಂತೆ ತಗಡಿನ ಮಡಿಕೆಯೂ ಬೇಕು. ಆ ಬೋಲ್ಟೂ ಸುಮಾರಿನದಾದರೆ ಆಗದು. 2003ರ ಕೊನೆಯವರೆಗೆ ಇಲ್ಲಿ ಮನೆಬಳಕೆಯ ಮರಕ್ಕೆ ಗೆದ್ದಲು ಹತ್ತದಿರಲು ಆರ್ಸೆನಿಕ್ ಸೇರಿದ ಮದ್ದು ಕುಡಿಸುತ್ತಿದ್ದರು. ಅದು ಹೋಗಿ ತಾಮ್ರ ಹೆಚ್ಚಿರುವ ಮದ್ದು ಬಂತು, ಆ ತಾಮ್ರ ಸಾಧಾರಣ ಕಬ್ಬಿಣವನ್ನು ತಿನ್ನುತ್ತದೆ. ದಪ್ಪಗೆ ಸತು ಹತ್ತಿಸಿದ ಬೋಲ್ಟೇ ಆಗಬೇಕು. ಅಂಗಡಿಯಲ್ಲಿ ಬೆಲೆ ನೋಡಿ ಅಪ್ಪ ಗೊಣಗಿದರು. ನಾನು ಷಿಕಾಗೋದ ಕಥೆ ಹೇಳಿದೆ. ಅದೇ 2003ರ ಜೂನ್‌ನಲ್ಲಿ ಲಿಂಕನ್ ಪಾರ್ಕ್ ಭಾಗದ ಮನೆಯೊಂದರ ಹಿಂಬದಿಯ ಮರದ ಮೊಗಸಾಲೆ, ಪಾರ್ಟಿಗೆ ಬಂದವರನ್ನು ಹೊತ್ತು ನಿಂತಿದ್ದದ್ದು, ಅಂತಸ್ತಿನ ಮೇಲೆ ಅಂತಸ್ತಾಗಿ ಕುಸಿಯಿತು. 13 ಜನ ಹೋದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಜನ ಹೆಚ್ಚಾದದ್ದೋ ಮರ ಸಾಲದಾದದ್ದೋ ಎಂಬ ಜಗಳ ಆಮೇಲೆ ನಡೆಯಿತು. ಅಪ್ಪ ಮಾತಾಡದೆ ಇನ್ನೊಂದು ಡಬ್ಬಿ ಬೋಲ್ಟು ಗಾಡಿಗೆ ಹಾಕಿದರು. ಅಡಿಕೆ ಅಟ್ಟ ಮುರಿದರೆ ಅಡಿಕೆ ಚೆಲ್ಲುತ್ತದೆ ಅಷ್ಟೇ ತಾನೆ, ಎಂದು ದಾರಿಯಲ್ಲಿ ಅಂದರು.

ಕೊನೆಯ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಕಟಾಂಜನ ಹಿಡಿದು ಮೈಭಾರವನ್ನೆಲ್ಲ ಹಾಕಿ ಜಗ್ಗಿದಾಗ ನನಗೆ ಮೈ ಬೆವರಿತು. ಅಪ್ಪನಿಗೆ ಮಾತ್ರ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಕಾಫಿ ಕುಡಿಸದೆ ಕಳಿಸಿದೆನೆಂದು ನನಗೆ ಬೈಗುಳ.

ಗಣೇಶನ ಹಬ್ಬಕ್ಕೆ ಸುತ್ತಲಿನ ಕನ್ನಡದವರೆಲ್ಲ ಬಂದರು. ಯುಗಾದಿಗೆ ಇಲ್ಲಿ ಹೊರಗೆ ಕೂರುವುದು ಕನಸಿನ ಮಾತು, ರಾಜ್ಯೋತ್ಸವಕ್ಕೆ ಮೂಗು ಕೆಂಪಾಗಿರುತ್ತದೆ. ನಮ್ಮ ಪಾಲಿಗೆ ಉಳಿದ ದೊಡ್ಡ ಹಬ್ಬ ಇದೊಂದೇ. ಪುಸ್ತಿಕೆಯಲ್ಲಿ ಕಂಡಿದ್ದ ಕೂಸು ಕೊನೆಗೂ ಬಂದು ಸರಳಿಗೆ ಹಣೆ ಒತ್ತಿತು, ತಲೆ ತೂರಲಿಲ್ಲ. ದಪ್ಪ ಮಾವನಂಥವರೊಬ್ಬರು ಮೂಲೆಯ ಕಂಬಕ್ಕೆ ಒರಗಿಯೇ ಊಟ ಮುಗಿಸಿದರು. ಎಲ್ಲರೂ ಡೆಕ್ ಮೇಲೆ ನೆರೆದಾಗ ಬಾಗಿಲಲ್ಲಿ ನಿಂತ ಅಪ್ಪ ಬೆರಳು ಮಡಿಸುತ್ತ ತಲೆ ಎಣಿಸಿ, ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು: "ಇಪ್ಪತ್ತು ಕ್ವಿಂಟಲ್ ಆಗಿದೆ ಅಷ್ಟೇ. ಪಕ್ಕದ ಮನೆಯವರನ್ನೂ ಕರಿ."