ದೋಸೆ ಹೇಗಿದೆ ಅಂತ ಎಷ್ಟು ಜನರನ್ನು ಕೇಳಬೇಕು?

ಬೆಂಗಳೂರಲ್ಲಿ ನಮಗೆ ಕೆಲಸ ಇದ್ದದ್ದು ಹನ್ನೊಂದು ಗಂಟೆಗೆ. ಊರಿನ ರಾತ್ರಿ ಬಸ್ಸು ಐದೂವರೆಗೇ ಮೆಜೆಸ್ಟಿಕ್‌ನಲ್ಲಿ ಇಳಿಸಿಬಿಟ್ಟಿತು. ಹೊಟ್ಟೆ ಹಸಿದಿತ್ತು, ಕೈಯಲ್ಲಿ ಸಮಯವಿತ್ತು. ಮುಖ ತೊಳೆದುಕೊಂಡು ನಾವಿಬ್ಬರೂ ಸಿಟಿ ಬಸ್ಸು ಹತ್ತಿ ಬಸವನಗುಡಿಯ ಗಾಂಧಿ ಬಜಾರಿಗೆ ಹೋದೆವು.

ಅಲ್ಲಿ ವಿದ್ಯಾರ್ಥಿ ಭವನವಿದೆ. 1943ರಲ್ಲಿ ಶುರುವಾದ ಹೋಟೆಲ್. ಸುತ್ತಮುತ್ತ ಓದುವ ಹುಡುಗರಿಗೆ ಅಂತ ತೆರೆದದ್ದರಿಂದ ಆ ಹೆಸರು. ಡಿವಿಜಿ, ಮಾಸ್ತಿಯವರು ಓಡಾಡಿದ ಬೀದಿ ಅದು. ನಾವು ಹೋದದ್ದು ಶನಿವಾರ. ಹಿಂದಿನ ದಿನ ಹೋಗಿದ್ದರೆ ಬಾಗಿಲು ಹಾಕಿರುತ್ತಿತ್ತು, ಶುಕ್ರವಾರ ಅವರಿಗೆ ರಜೆ. ನೀವು ಹೋಗುವುದಾದರೆ ಇದೊಂದು ನೆನಪಿರಲಿ.

ಅಷ್ಟು ಬೇಗ ಹೋದರೂ ಬಾಗಿಲ ಮುಂದೆ ಜನ. ನಮ್ಮದು ವರದಿಗಾರರ ಬುದ್ಧಿ. ಸುಮ್ಮನೆ ನಿಲ್ಲಲು ಆಗಲಿಲ್ಲ, ಅಕ್ಕಪಕ್ಕದವರ ಮಾತಿಗೆ ಕಿವಿ ಕೊಟ್ಟೆವು.

ಮಂಕಿ ಕ್ಯಾಪ್ ಹಾಕಿದ್ದ ಹಿರಿಯರೊಬ್ಬರು, "ಹೈಸ್ಕೂಲಿಂದ ಬರ್ತಿದೀನಿ ಕಣಪ್ಪಾ. ಆ ಕಾಲದ ಆಲೂಗಡ್ಡೆ, ಆ ಕಾಲದ ಬೆಣ್ಣೆ ಈಗ ಎಲ್ಲಿದೆ? ಯಾವ ಹೋಟೆಲಿಗೆ ಹೋದರೂ ಅಷ್ಟೇ, ಮನೇಲೂ ಅಷ್ಟೇ" ಅಂದರು. ಪಕ್ಕದಲ್ಲಿದ್ದ ಅವರ ಮನೆಯವರು ನಕ್ಕು, "ಮೂವತ್ತು ವರ್ಷದಿಂದ ಇದನ್ನೇ ಹೇಳ್ತಾರೆ. ವಾರಕ್ಕೆರಡು ಸಲ ಬರೋದು ಮಾತ್ರ ಬಿಟ್ಟಿಲ್ಲ" ಅಂದರು.

ಹಿಂದೆ ನಿಂತಿದ್ದ ಇಬ್ಬರು ಹುಡುಗಿಯರು ಮಲ್ಲೇಶ್ವರದವರು. ಅವರ ಪ್ರಕಾರ ದೋಸೆ ಅಂದರೆ ಸಿಟಿಆರ್‌ನ ಬೆಣ್ಣೆ ಮಸಾಲೆ. ಹಾಗಾದರೆ ಇಲ್ಲಿ ಯಾಕೆ ಬಂದಿರಿ ಎಂದು ಕೇಳಿದೆವು. "ಹೋಲಿಸಿ ನೋಡಬೇಕಲ್ಲ ಅಣ್ಣಾ" ಅಂದರು. ಬಸವನಗುಡಿ ಹೆಚ್ಚೋ ಮಲ್ಲೇಶ್ವರ ಹೆಚ್ಚೋ ಎಂಬ ಜಗಳ ಆ ಊರಲ್ಲಿ ಮುಗಿಯುವುದೇ ಇಲ್ಲ. ಮುಗಿಯಲಿ ಅಂತ ಯಾರಿಗೂ ಆಸೆಯೂ ಇದ್ದಂತಿಲ್ಲ.

ಒಳಗೆ ಜಾಗ ಸಿಕ್ಕಿತು. ಅಲ್ಲಿ ಗುರುತಿಲ್ಲದವರ ಜೊತೆಗೇ ಒಂದೇ ಮೇಜಿಗೆ ಕೂರಬೇಕು. ಪಂಚೆ ಉಟ್ಟ ಸಪ್ಲೈಯರ್ ಒಂದೇ ಕೈ ಮೇಲೆ ಹತ್ತು ಹನ್ನೆರಡು ತಟ್ಟೆ ಜೋಡಿಸಿಕೊಂಡು ಬಂದು, ಒಂದೊಂದೇ ಇಳಿಸುತ್ತಾ ಹೋದರು. ದೋಸೆ ಕೆಂಪಗೆ, ದಪ್ಪಗೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಎದುರಿಗೆ ಕೂತಿದ್ದ ಹುಬ್ಬಳ್ಳಿ ಕಡೆಯವರು "ಸಾಂಬಾರ ಕೊಡೂದಿಲ್ಲೇನ್ರಿ?" ಅಂದರು. ಇಲ್ಲಿ ದೋಸೆಗೆ ಚಟ್ನಿ ಮಾತ್ರ. ಹತ್ತಿರದ ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲೂ ಇಡ್ಲಿ ವಡೆಗೆ ಚಟ್ನಿಯೇ. ಸಾಂಬಾರ್ ಇಲ್ಲದ್ದು ಒಬ್ಬರಿಗೆ ಕೊರತೆ, ಇನ್ನೊಬ್ಬರಿಗೆ ಅದೇ ಆ ಜಾಗದ ಗುರುತು. ಹುಬ್ಬಳ್ಳಿಯವರು ಎರಡನೇ ಸಲ ಚಟ್ನಿ ಹಾಕಿಸಿಕೊಂಡ ಮೇಲೆ ಸಾಂಬಾರಿನ ಮಾತೆತ್ತಲಿಲ್ಲ.

ಇಂಗ್ಲೆಂಡಿನ ಹಳೇ ಪಬ್‌ಗಳ ಗಿರಾಕಿಗಳೂ ಹೀಗೇ ವಾದ ಮಾಡುತ್ತಾರಂತೆ. ನಮ್ಮ ಕಡೆ ಪಬ್ ಅಂದರೆ ಮುಖ ಸಿಂಡರಿಸುವವರಿದ್ದಾರೆ, ಆದರೆ ಅಲ್ಲಿ ಅದು ಊರಿನ ಅರಳಿಕಟ್ಟೆ ಇದ್ದ ಹಾಗೆ. ಅಲ್ಲಿನ ಸಾಂಪ್ರದಾಯಿಕ ಬಿಯರ್ ಪಬ್ಬಿನ ನೆಲಮಾಳಿಗೆಯಲ್ಲಿ, ಪೀಪಾಯಿಯೊಳಗೇ ಹುದುಗುತ್ತಿರುತ್ತದೆ. ಪೀಪಾಯಿ ತೆರೆದರೆ ಕೆಲವೇ ದಿನಗಳಲ್ಲಿ ಮುಗಿಸಬೇಕು. ಅದು ಮರೆಯಾಗಬಾರದು ಅಂತ 1971ರಲ್ಲಿ ಗಿರಾಕಿಗಳೇ ಸಂಘ ಕಟ್ಟಿದರು. ಹುದುಗುವ ಪದಾರ್ಥ ದಿನಾ ಒಂದೇ ಥರ ಇರುವುದಿಲ್ಲ. ನಮ್ಮ ದೋಸೆ ಹಿಟ್ಟೂ ಹಾಗೆಯೇ. ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ, ಪುಷ್ಯ ಮಾಸದ ಚಳಿಯಲ್ಲಿ ಬೆಳಗಾದರೂ ಉಬ್ಬುವುದಿಲ್ಲ. ಮನೆಯಲ್ಲಿ ಹಿಟ್ಟು ರುಬ್ಬುವವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಹೇಳಿಕೊಡಬೇಕಾಗಿದ್ದದ್ದು ನಮಗೇ.

ಡಿಪ್ಲೊಮಾ ಮುಗಿಸಿ ತಾಲ್ಲೂಕು ವರದಿಗಾರರಾದ ಹೊಸತರಲ್ಲಿ ನಾವಿಬ್ಬರೂ ಸೇರಿ ಒಂದು ಸುದ್ದಿ ಮಾಡಿದ್ದೆವು. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ಹೋಟೆಲಿನ ಬಗ್ಗೆ. ಒಂದು ಮಧ್ಯಾಹ್ನ ಅಲ್ಲಿಂದ ಹೊರಗೆ ಬಂದ ಇಬ್ಬರು, ಇಡ್ಲಿ ಕಲ್ಲಿನಂತಿದೆ, ಸಾಂಬಾರ್ ನೀರಿನಂತಿದೆ ಅಂದರು. ಒಬ್ಬರು ಕೇಳಿದೆವು, ಒಬ್ಬರು ಬರೆದೆವು. 'ಗ್ರಾಹಕರ ಅಸಮಾಧಾನ' ಅಂತ ತಲೆಬರಹ ಬಂತು. ಸುದ್ದಿಗೆ ಇಷ್ಟು ಅಂತ ಸಿಗುವ ದುಡ್ಡೂ ಬಂತು.

ವಾಟ್ಸ್‌ಆ್ಯಪ್‌ನಲ್ಲಿ ಆ ತುಣುಕು ಎರಡು ದಿನ ಓಡಾಡಿತು. ಹೋಟೆಲಿಗೆ ಬರುವ ಜನ ಕಡಿಮೆಯಾದರು. ಇದ್ದ ಇಬ್ಬರು ಸಪ್ಲೈಯರ್‌ಗಳಲ್ಲಿ ಒಬ್ಬನನ್ನು ಬಿಡಿಸಿದರು ಅಂತ ಆಮೇಲೆ ಗೊತ್ತಾಯಿತು.

ಹೋಟೆಲಿನ ಯಜಮಾನರು ಜಗಳಕ್ಕೆ ಬರಲಿಲ್ಲ. ಒಂದು ದಿನ ದಾರಿಯಲ್ಲಿ ಕಂಡಾಗ ಕರೆದು ಕೂರಿಸಿ ಕಾಫಿ ಕೊಟ್ಟರು. "ರಿಪೋರ್ಟರೇ, ಅವತ್ತು ಎಷ್ಟು ಜನರನ್ನು ಕೇಳಿದಿರಿ?" ಅಂದರು. "ಇಬ್ಬರು" ಅಂದೆವು. "ಅವತ್ತು ಗ್ಯಾಸ್ ಖಾಲಿಯಾಗಿತ್ತು, ಬೆಳಗಿನ ಇಡ್ಲಿಯನ್ನೇ ಮಧ್ಯಾಹ್ನಕ್ಕೂ ಕೊಟ್ಟೆ. ಅದು ನನ್ನ ತಪ್ಪೇ. ಆದರೆ ದಿನಾ ಬರುವ ನೂರಾರು ಜನ ಇದ್ದರಲ್ಲ, ಅವರನ್ನೂ ಒಂದು ಮಾತು ಕೇಳಬಹುದಿತ್ತು. ನನ್ನನ್ನೂ ಕೇಳಬಹುದಿತ್ತು." ಕಾಫಿಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾವು ಬರೆದದ್ದು ಸುಳ್ಳಲ್ಲ. ಆ ಇಬ್ಬರು ಹಾಗೆ ಹೇಳಿದ್ದು ನಿಜ. ಆದರೆ ಒಂದು ಮಧ್ಯಾಹ್ನದ ಇಡ್ಲಿಯನ್ನು ನಾವು ಆ ಹೋಟೆಲಿನ ಜಾತಕ ಮಾಡಿಬಿಟ್ಟಿದ್ದೆವು. ಗಾಂಧಿ ಬಜಾರಿನಲ್ಲಿ ಯಾರು ಏನೇ ಅಂದರೂ ನಾಳೆ ಮತ್ತೆ ಬಾಗಿಲ ಮುಂದೆ ಜನ ನಿಲ್ಲುತ್ತಾರೆ. ಎಂಟು ಮೇಜಿನ ತಾಲ್ಲೂಕು ಹೋಟೆಲಿಗೆ ನಾಲ್ಕು ಸಾಲಿನ ಸುದ್ದಿಯೂ ಭಾರ.

ಈಗ ಹೋಟೆಲಿರಲಿ, ಆಸ್ಪತ್ರೆಯಿರಲಿ, ರೇಷನ್ ಅಂಗಡಿಯಿರಲಿ, 'ಜನರ ಅಭಿಪ್ರಾಯ' ಅಂತ ಬರೆಯುವ ಮುಂಚೆ ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ಹೋಗುತ್ತೇವೆ. ದಿನಾ ಬರುವವರನ್ನು ಕೇಳುತ್ತೇವೆ, ನಡೆಸುವವರನ್ನೂ ಕೇಳುತ್ತೇವೆ. ನಿಮ್ಮ ಫೋನಿಗೂ ಇಂಥ ತುಣುಕುಗಳು ಬರುತ್ತವೆ. ಮುಂದಕ್ಕೆ ಕಳಿಸುವ ಮುಂಚೆ, ಎಷ್ಟು ಜನರನ್ನು ಕೇಳಿ ಬರೆದಿದ್ದಾರೆ ಅಂತ ಒಮ್ಮೆ ನೋಡಿ.

ಮರುದಿನ ಬೆಳಗ್ಗೆ ಊರಿಗೆ ಬಂದು ಇಳಿದವರು ನೇರ ಆ ಹೋಟೆಲಿಗೇ ಹೋದೆವು. ಬೆಂಗಳೂರಿನ ದೋಸೆ ಹೇಗಿತ್ತು ಅಂತ ಯಜಮಾನರು ವಿಚಾರಿಸಿದರು. ಚೆನ್ನಾಗಿತ್ತು ಅಂದೆವು. "ಇಬ್ಬರೇ ಹೇಳಿದರೆ ನಂಬಲ್ಲ" ಅಂದು ನಕ್ಕು, ಇಡ್ಲಿ ತಂದಿಟ್ಟರು. ಬಿಸಿಯಾಗಿತ್ತು. ಸಪ್ಲೈಯರ್ ಈಗಲೂ ಒಬ್ಬನೇ.