ಹಿಂಬದಿಯ ಹಲಗೆ

ನಮ್ಮ ಅಂಗಳದ ಮೂಲೆಯಲ್ಲಿ ಹದಿನಾರು ಅಡಿ ಉದ್ದದ ಫೈಬರ್ ದೋಣಿಯೊಂದು ಹತ್ತು ಮಳೆಗಾಲಗಳಿಂದ ಬಿದ್ದಿತ್ತು. ಚಂದ್ರಗಿರಿ ಹೊಳೆಯ ಕುದ್ರುವಿನ ತೋಟದಿಂದ ತೆಂಗಿನಕಾಯಿ ತರಲೆಂದು ನಮ್ಮ ದಿವಂಗತ ತಮ್ಮ ಕೊಂಡಿದ್ದ ದೋಣಿ ಅದು. ಗುಜರಿಗೆ ಕೊಡೋಣವೆಂದು ಮನೆಯವರು ಹೇಳಿದಾಗ ನಮ್ಮ ಮನಸ್ಸು ಒಪ್ಪಲಿಲ್ಲ. ಎಪ್ಪತ್ತನಾಲ್ಕರ ಪ್ರಾಯದಲ್ಲಿ ನಾವೇ ಅದರ ದುರಸ್ತಿಗೆ ಕುಳಿತೆವು.

ತೊಳೆದು ಬಣ್ಣ ಬಳಿದರೆ ಸಾಕೆಂದು ನಮ್ಮ ಎಣಿಕೆ. ದೋಣಿ ಕೆಲಸ ಬಲ್ಲ ನೆರೆಮನೆಯ ಯುವಕ ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟುತ್ತ ಹೋದ. ಪಕ್ಕಗಳಲ್ಲಿ ಟಣ್ಣೆಂಬ ದನಿ. ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆಯಲ್ಲಿ ಮಾತ್ರ ಒದ್ದೆ ಗೋಣಿಗೆ ಹೊಡೆದಂಥ ಮಂದ ದನಿ. “ಮಾಷೇ, ಒಳಗಿನ ಮರ ಹೋಗಿದೆ” ಎಂದ. ಹೊರಪದರವನ್ನು ಕೊಯ್ದಾಗ ಪ್ಲೈವುಡ್ ಒದ್ದೆ ಹುಡಿಯಾಗಿ ಕೈಗೆ ಬಂತು. ಸರಿಯಾಗಿ ಮುಚ್ಚದ ಒಂದು ಬೋಲ್ಟಿನ ತೂತಿನಿಂದ ವರ್ಷಗಟ್ಟಲೆ ನೀರು ಇಳಿದಿತ್ತು.

ಒದ್ದೆಯ ಮೇಲೆ ರೆಸಿನ್ ಹಿಡಿಯದು. ಪಗ್ಗು ತಿಂಗಳ ಬಿಸಿಲಿನಲ್ಲಿ ದೋಣಿಯನ್ನು ಒಣಗಿಸಿ, ಗಾಜಿನ ಧೂಳು ಒಳಹೋಗದಂತೆ ಮುಖ ಮುಚ್ಚಿಕೊಂಡು ಉಜ್ಜಿದೆವು. ಹಾರ್ಡನರ್ ನೂರಕ್ಕೆ ಒಂದೆರಡು ಪಾಲು ಸಾಕು. ಮೊದಲ ದಿನ ನಾವು ಹೆಚ್ಚು ಸುರಿದೆವು. ರೆಸಿನ್ ಡಬ್ಬಿಯಲ್ಲಿಯೇ ಬಿಸಿಯೇರಿ, ಹೊಗೆಯಾಡಿ ಕಲ್ಲಾಯಿತು. ಗಣಿತದ ಮಾಷ್ಟ್ರಿಗೆ ಶೇಕಡಾ ಲೆಕ್ಕ ತಪ್ಪಿತೆಂದು ಯುವಕ ನಕ್ಕ. ಮರುದಿನದಿಂದ ಬಿಸಿಲೇರುವ ಮುನ್ನವೇ ಕೆಲಸ. ಹೊಸ ಮೆರೈನ್ ಪ್ಲೈವುಡ್ ಕೂರಿಸಿ, ಗಾಜುನಾರಿನ ಮ್ಯಾಟನ್ನು ಪದರ ಪದರವಾಗಿ ಹಾಸಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತಿದೆವು. ಬೋಲ್ಟಿನ ತೂತುಗಳನ್ನು ಈ ಬಾರಿ ಜತನದಿಂದ ಮುಚ್ಚಿದೆವು.

ದೋಣಿಯ ಮೂತಿಯಲ್ಲಿ ತಮ್ಮ ಬರೆಸಿದ್ದ ‘ಪಯಸ್ವಿನಿ’ ಎಂಬ ಹೆಸರು ಮಾಸಿತ್ತು. ರಜೆಗೆ ಬಂದ ಮೊಮ್ಮಗ, “ಅಜ್ಜ, ಇಲ್ಲಿ ಏನು ಬರೆದದ್ದು?” ಎಂದು ಕೇಳಿದ. ಕನ್ನಡ ಮಾತನಾಡುವ ಹುಡುಗ, ಓದಲು ಬಾರದು. ಅವನ ತಂದೆಗೂ ಅಷ್ಟಕ್ಕಷ್ಟೇ. ಮೂವತ್ತೊಂದು ವರ್ಷ ಊರ ಮಕ್ಕಳಿಗೆ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿದ ನಾವು ನಮ್ಮ ಮಗನನ್ನು ಆಂಗ್ಲ ಮಾಧ್ಯಮಕ್ಕೆ ಸೇರಿಸಿದ್ದೆವು. “ಅಣ್ಣಾ, ನಿಮ್ಮ ಶಾಲೆ ನಿಮ್ಮ ಮಗನಿಗೆ ಸಾಲದೇ?” ಎಂದು ಆಗ ಕೇಳಿದವನು ಈ ತಮ್ಮ ಒಬ್ಬನೇ. ಆ ಮಾತಿಗೆ ಮುನಿದು ವರ್ಷವಿಡೀ ಅವನೊಡನೆ ಮಾತು ಬಿಟ್ಟೆವು. ಉತ್ತರವನ್ನಂತೂ ಕೊನೆಯವರೆಗೂ ಕೊಡಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಹೊರಗಿನ ಅಲೆಗಳನ್ನು ನಾವು ಸಕಾರಣವಾಗಿಯೇ ದೂರುತ್ತ ಬಂದಿದ್ದೇವೆ. ಆದರೆ ನಮ್ಮ ಮನೆಯ ಬೋಲ್ಟಿನ ತೂತನ್ನು ಕೊರೆದವರು ನಾವೇ. ಸಮ್ಮೇಳನದ ವೇದಿಕೆಯಲ್ಲಿ ಮಾಡಿದ ಭಾಷಣಗಳೆಲ್ಲ ಅದರ ಮೇಲೆ ಬಳಿದ ಬಣ್ಣ.

ಹೆಸರನ್ನು ಮೊಮ್ಮಗನಿಂದಲೇ ಬರೆಯಿಸಿದೆವು. ‘ಪ’ ಬರೆಯಹೋಗಿ ‘ವ’ ಬರೆದ. ಒರೆಸಿ ಮತ್ತೆ ಬರೆದ. ನೀರಿಗಿಳಿಸಿದ ದಿನ ಎಂಜಿನ್ನಿನ ಅದಿರಾಟಕ್ಕೆ ಹಲಗೆ ಅಲುಗಲಿಲ್ಲ. ಕುದ್ರುವಿಗೆ ಹೋಗಿ ತಮ್ಮ ನೆಟ್ಟ ಮರದ ಎಳನೀರು ಕುಡಿದು ಬಂದೆವು. ರಜೆ ಮುಗಿಯುವಾಗ ವರ್ಣಮಾಲೆ ‘ನ’ಕಾರದವರೆಗೆ ಬಂದಿತ್ತು. ಉಳಿದ ಅಕ್ಷರಗಳು ಓಣಂ ರಜೆಗೆ.