ಹೊಸ ನೀರಿನ ಅತಿಥಿಗಳು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಎಂತಹ ಆಹಾರ ರುಚಿಸುತ್ತದೆ ಎಂಬ ವಿವರ ಅಲ್ಲುಂಟು. ಅರಸನ ಉದ್ದೇಶ ಗಾಳ ಹಾಕುವ ವಿನೋದವಾಗಿದ್ದರೂ, ಮೀನನ್ನು ಅರಿಯಬೇಕಾದರೆ ಅದರ ನೀರನ್ನೂ ಆಹಾರವನ್ನೂ ಅರಿಯಬೇಕೆಂಬ ವಿವೇಕ ಆ ಬರವಣಿಗೆಯಲ್ಲಿದೆ. ಅದೇ ಬಸವಕಲ್ಯಾಣದ ಒಬ್ಬ ವಿಜ್ಞಾನ ಮಾಸ್ತರರಿಗೆ ಆ ವಿವೇಕ ಪ್ರಾಪ್ತವಾದದ್ದು ಎರಡು ಜೀವಗಳನ್ನು ಕಳೆದುಕೊಂಡ ಬಳಿಕ.

ಮಾಸ್ತರರು ಮನಸೋತದ್ದು ‘ರ್ಯಾಮ್’ ಎಂದು ಅಂಗಡಿಗಳಲ್ಲಿ ಕರೆಯಲಾಗುವ ಕುಬ್ಜ ಸಿಕ್ಲಿಡ್ ಮೀನಿಗೆ. ಇದರ ತವರು ದಕ್ಷಿಣ ಅಮೆರಿಕದ ವೆನೆಜುವೆಲಾ ಮತ್ತು ಕೊಲಂಬಿಯಾ ದೇಶಗಳಲ್ಲಿ ಹರಿಯುವ ಒರಿನೋಕೋ ನದಿಯ ಹುಲ್ಲುಗಾವಲು ಪ್ರದೇಶ. ವಿಜ್ಞಾನಿಗಳು ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತದ್ದು 1948ರಲ್ಲಿ. ಹೆಬ್ಬೆರಳಿನಷ್ಟೇ ಗಾತ್ರ, ಹೊನ್ನಿನ ಮೈಮೇಲೆ ನೀಲಿಯ ಚುಕ್ಕೆಗಳು, ಹೆಣ್ಣಿನ ಹೊಟ್ಟೆಯಲ್ಲಿ ನಸುಗೆಂಪಿನ ಛಾಯೆ. ಈ ಕುಲದ ಮೀನುಗಳು ಭಾರತಕ್ಕೆ ಅಪರಿಚಿತವೇನಲ್ಲ. ಕೇರಳದವರು ಕರಿಮೀನೆನ್ನುವುದು ಇದೇ ಕುಲದ್ದು; ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲಿ ಅದರ ಸೋದರ ಜಾತಿಯೊಂದು ವಾಸಿಸುತ್ತದೆ. ತಾಯಿತಂದೆಗಳೆರಡೂ ಕೂಡಿ ಮೊಟ್ಟೆಯನ್ನೂ ಮರಿಯನ್ನೂ ಕಾಯುವುದು ಇವುಗಳ ವಿಶೇಷ ಗುಣ. ಮಾಸ್ತರರ ಮನಸ್ಸನ್ನು ಸೆಳೆದದ್ದೂ ಆ ಗುಣವೇ.

ಮೊದಲನೆಯ ಜೋಡಿಯನ್ನು ಅವರು ಬೇಸಿಗೆಯ ರಜೆಯಲ್ಲಿ ತಂದರು. ಹೊಸ ಗಾಜಿನ ತೊಟ್ಟಿಯನ್ನು ತಿಕ್ಕಿ ತೊಳೆದು, ಕೊಳವೆ ಬಾವಿಯ ತಿಳಿನೀರನ್ನು ತುಂಬಿ, ಅದೇ ದಿನ ಮೀನುಗಳನ್ನು ಬಿಟ್ಟರು. ಮನೆಗೆ ಬಂದವರೆಲ್ಲ ನೋಡಲೆಂದು ದೀಪವನ್ನೂ ಹಚ್ಚಿಟ್ಟರು. ಐದನೆಯ ದಿನ ಹೆಣ್ಣು, ಆರನೆಯ ದಿನ ಗಂಡು ಸತ್ತವು. ಮನೆಯಲ್ಲಿ ಮೀನೇಕೆಂದು ಮೊದಲು ಆಕ್ಷೇಪಿಸಿದ್ದ ವೃದ್ಧ ಮಾತೃಶ್ರೀಯವರು ಅಂದು ಒಂದೇ ಮಾತು ಕೇಳಿದರು: “ಮನಿಗಿ ಬಂದ ಮ್ಯಾಲ ಅವೂ ನಮ್ಮ ಮಂದಿನೇ. ಸಾಯ್ಲಾಕ ಯಾಕ ತಂದೀಪಾ?”

ಆ ಪ್ರಶ್ನೆಗೆ ಮಾಸ್ತರರು ಪುಸ್ತಕಗಳಲ್ಲಿ ಉತ್ತರ ಹುಡುಕಿದರು. ಕಣ್ಣಿಗೆ ನಿರ್ಮಲವಾದ ನೀರು ಮೀನಿಗೆ ನಿರ್ಮಲವಾಗಿರಲಿಲ್ಲ. ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷಕಾರಿ. ಅದನ್ನು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿ, ಸೋಸುಕದಲ್ಲಿ ನೆಲೆಯೂರಲು ನಾಲ್ಕಾರು ವಾರಗಳು ಬೇಕು. ಅಲ್ಲದೆ, ಮೃದುವಾದ ಬೆಚ್ಚನೆಯ ನೀರಿನ ಈ ಮೀನುಗಳಿಗೆ, ಹಂಡೆಯ ಒಳಮೈಗೆ ಸುಣ್ಣದ ಪದರು ಕಟ್ಟಿಸುವಂತಹ ಗಡುಸು ನೀರು ದೊರಕಿತ್ತು. ಆತಿಥೇಯನ ಮನೆ ಸಿದ್ಧವಾಗುವ ಮೊದಲೇ ಅತಿಥಿಗಳು ಬಂದಿದ್ದರು.

ಆದ್ದರಿಂದ ಎರಡನೆಯ ಸಲ ಮಾಸ್ತರರು ಮೊದಲು ನೀರನ್ನು ಸಾಕಿದರು. ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಮಾಳಿಗೆಯನ್ನು ತೊಳೆದು ಹರಿದ ಮೊದಲ ನೀರನ್ನು ಬಿಟ್ಟು, ಅನಂತರದ್ದನ್ನು ಹಿಡಿದು ಬಾವಿಯ ನೀರಿನೊಡನೆ ಬೆರೆಸಿದರು. ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಆಹಾರ ಹಾಕಿ ಸೂಕ್ಷ್ಮಜೀವಿಗಳನ್ನು ಬೆಳೆಸಿದರು. ಒಡೆದ ತೆಂಗಿನ ಚಿಪ್ಪು, ಮಣ್ಣಿನ ಕುಡಿಕೆ, ಗಿಡಗಳು, ಒಂದು ಚಪ್ಪಟೆ ಕಲ್ಲು ಒಳಸೇರಿದವು. ನೀರಿನ ಉಷ್ಣತೆಯನ್ನು 28 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿದರು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವೆಂದು ಕಂಡಮೇಲೆಯೇ ಹೈದರಾಬಾದಿಗೆ ಹೊರಟರು.

ಹಿಂದಿರುಗುವಾಗ ಹೆದ್ದಾರಿಯ ಬಸ್ಸು ಅವರನ್ನು ಹುಮನಾಬಾದಿನಲ್ಲಿ ಇಳಿಸಿತು. ಕಲ್ಯಾಣದ ಬಸ್ಸಿಗಾಗಿ ಕಾದಷ್ಟು ಹೊತ್ತೂ, ಆಮ್ಲಜನಕ ತುಂಬಿದ ಚೀಲವನ್ನು ದಟ್ಟಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೇ ಕುಳಿತರು. ಪಕ್ಕದವರು ಕೇಳಿದರೂ ಬಿಚ್ಚಿ ತೋರಿಸಲಿಲ್ಲ. ಕತ್ತಲು ಮೀನಿನ ಭಯವನ್ನು ತಗ್ಗಿಸುತ್ತದೆ.

ಮನೆ ಸೇರಿದೊಡನೆ ದೀಪವಾರಿಸಿ, ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಟ್ಟರು. ಒಳಗಿನ ಹೊರಗಿನ ಬಿಸುಪು ಸಮವಾದ ಮೇಲೆ ಚೀಲದ ಬಾಯಿ ತೆರೆದು, ಹತ್ತು ನಿಮಿಷಕ್ಕೊಮ್ಮೆ ತೊಟ್ಟಿಯ ನೀರನ್ನು ಒಂದೊಂದೇ ಬಟ್ಟಲು ಸೇರಿಸಿದರು. ಸುಮಾರು ಒಂದೂವರೆ ಗಂಟೆಯ ಬಳಿಕ, ಚೀಲದ ನೀರನ್ನು ತೊಟ್ಟಿಗೆ ಬೆರೆಸದೆ, ಮೀನುಗಳನ್ನಷ್ಟೇ ಬಲೆಯಿಂದೆತ್ತಿ ಬಿಟ್ಟರು. ಅಂದು ಆಹಾರ ಹಾಕಲಿಲ್ಲ. ಜೋಡಿಯು ಬಣ್ಣಗುಂದಿ ಚಿಪ್ಪಿನ ಮರೆ ಸೇರಿತು.

ಅದೇ ತಿಂಗಳು ಮಠದ ಪ್ರಸಾದ ನಿಲಯಕ್ಕೂ ಹೊಸಬರು ಬಂದಿದ್ದರು. ಅವರಲ್ಲಿ ಗಡಿಯಾಚೆಯ ಉಮರ್ಗಾ ಕಡೆಯ ಒಬ್ಬ ಬಾಲಕ ಮಾತನಾಡುತ್ತಿರಲಿಲ್ಲ. ಪ್ರಸಾದವನ್ನೂ ಅರ್ಧಕ್ಕೇ ಬಿಟ್ಟೇಳುತ್ತಿದ್ದ. ಮನೆಮಾತು ಮರಾಠಿ. ಸಂಕೋಚ ಕಳೆಯಲೆಂಬ ಸದುದ್ದೇಶದಿಂದ ಮಾಸ್ತರರು ಅವನನ್ನು ದಿನವೂ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ, ಹೆಸರು, ಊರು ಕೇಳುತ್ತಿದ್ದರು. ಅವನು ದಿನದಿನಕ್ಕೂ ಹೆಚ್ಚು ತಲೆ ತಗ್ಗಿಸುತ್ತಿದ್ದ.

ಮೂರನೆಯ ದಿನ ಸಂಜೆ ನಿಲಯದ ಕೆಲವು ಮಕ್ಕಳು ಮೀನು ನೋಡಲು ಬಂದರು. ಒಬ್ಬನು ಗಾಜನ್ನು ಬೆರಳಿನಿಂದ ಬಡಿದ. ಗಂಡು ಮೀನು ಸರಕ್ಕನೆ ಮರೆಯಾಯಿತು. ಉಮರ್ಗಾದ ಹುಡುಗ ಮಾತ್ರ ದೂರದಲ್ಲೇ ಕುಳಿತಿದ್ದ. ಎಲ್ಲರೂ ಹೊರಟ ಮೇಲೆ ಮೆಲ್ಲನೆ ಕೇಳಿದ: “ಸರ್, ಅವು ಉಂಡಾವೇನ್ರಿ?”

“ಇನ್ನೂ ಇಲ್ಲಪಾ.”

“ನೋಡಬ್ಯಾಡ್ರಿ ಸರ್. ನೋಡಿದ್ರ ಉಣ್ಣಂಗಿಲ್ಲ.”

ಮಾಸ್ತರರು ಆ ರಾತ್ರಿ ಬಹಳ ಹೊತ್ತು ನಿದ್ರಿಸಲಿಲ್ಲ. ಮೀನಿಗಾಗಿ ಬಟ್ಟಲು ಬಟ್ಟಲಾಗಿ ನೀರು ಬೆರೆಸಿದ ಕೈ, ಹುಡುಗನ ತಲೆಯ ಮೇಲೆ ಇಡೀ ಕೊಡವನ್ನು ಸುರಿದಿತ್ತು. ಮರುದಿನ ಅವರು ಅವನನ್ನು ಎಬ್ಬಿಸಲಿಲ್ಲ. ಕಿಟಕಿಯ ಬಳಿ, ಮರಾಠಿ ಬಲ್ಲ ಹಿರಿಯ ವಿದ್ಯಾರ್ಥಿಯೊಬ್ಬನ ಪಕ್ಕದಲ್ಲಿ ಸ್ಥಳ ಕೊಟ್ಟರು. ಹೆಸರನ್ನು ಕೇಳಲಿಲ್ಲ.

ನಾಲ್ಕನೆಯ ದಿನ ಹೆಣ್ಣು ಮೀನು ಹೊರಬಂದು ಆಹಾರದ ಒಂದು ತುಣುಕನ್ನು ಬಾಯಿಗೆ ಹಾಕಿ ಉಗುಳಿ ಮತ್ತೆ ನುಂಗಿತು. ವಾರದೊಳಗೆ ನೀಲಿ ಚುಕ್ಕೆಗಳು ಮರಳಿದವು. ಶ್ರಾವಣದ ಕೊನೆಯಲ್ಲಿ ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಗಳು ಕಂಡವು. ಎರಡು ದಿನ ಕಾದು, ಮೂರನೆಯ ದಿನ ತಾಯಿತಂದೆಗಳೇ ಅವನ್ನು ತಿಂದುಬಿಟ್ಟವು. ಮೊದಲ ಸಲ ಹೀಗಾಗುವುದು ಸಾಮಾನ್ಯ. ಮಾತೃಶ್ರೀಯವರು ಈ ಸಲ ಏನನ್ನೂ ಕೇಳದೆ, ಗಾಜಿನ ಮುಂದೆ ಒಂದು ಪರದೆಯನ್ನು ಇಳಿಬಿಟ್ಟರು. ಮುಂದಿನ ಸಲದ ಮೊಟ್ಟೆಗಳು ಆ ಪರದೆಯ ಹಿಂದೆ ಮರಿಗಳಾದವು.

ಹುಡುಗನು ತನ್ನ ಹೆಸರನ್ನು ತಾನಾಗಿಯೇ ಎದ್ದು ಹೇಳಿದ್ದು ದಸರೆಯ ರಜೆಗೆ ಮುಂಚೆ, ಹಾಜರಿ ಪುಸ್ತಕದಲ್ಲಿದ್ದ ತಪ್ಪೊಂದನ್ನು ತಿದ್ದಿಸುವುದಕ್ಕಾಗಿ. ಅಂದಿನಿಂದ ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ ಮಾಸ್ತರರು ಮೊದಲ ಕೆಲವು ವಾರ ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ. ಪ್ರಸಾದದ ಪಂಕ್ತಿಯಲ್ಲಿ ಅವರ ಸಾಲಿನ ಕೊನೆಗೆ ಸದ್ದಿಲ್ಲದೆ ಬಂದು ಕುಳಿತುಕೊಳ್ಳುತ್ತಾರೆ.